ಬಾಂದಾರದ ಕೆಳಗಿನ ನೀರು

ಹೋದ ಶ್ರಾವಣದಲ್ಲಿ ಸೈನ್ಸ್ ಮಾಸ್ತರರ ಮಗಳು ಫೋನು ಮಾಡಿ “ಅಪ್ಪಾರು ಹೋದ್ರು, ಅಕ್ಕೋರ” ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿಯುತ್ತಿದ್ದ ರೀತಿ. ಕಪ್ಪನ್ನು ತೀರ ಮೆಲ್ಲಗೆ ಬಾಗಿಸುವರು. ಚಹಾ ಅಂಚು ದಾಟಿ ಬಸಿಗೆ ಬೀಳದೆ ಕಪ್ಪಿನ ಹೊರಮೈಯನ್ನೇ ತಬ್ಬಿಕೊಂಡು ಇಳಿದು ಬುಡದಿಂದ ತೊಟ್ಟಿಕ್ಕುವುದು. ಎಲ್ಲರೂ ಅಯ್ಯೋ ಎನ್ನುವಾಗ ಅವರ ಮುಖ ಅರಳುವುದು. “ನೋಡ್ರಿ, ಅವಸರ ಇಲ್ಲದ ನೀರು ಗ್ವಾಡಿ ಬಿಡೂದಿಲ್ಲ. ಜೋರು ಬಂದ್ರ ಮಾತ್ರ ಅದು ಗ್ವಾಡಿ ಬಿಟ್ಟು ಜಿಗೀತೈತಿ” ಎನ್ನುವರು. ಒಮ್ಮೆ ಹೆಡ್ ಮಾಸ್ತರರ ಮನೆಯಲ್ಲಿ ಹೀಗೆ ತೋರಿಸಲು ಹೋಗಿ ಅವರ ಇಸ್ತ್ರಿ ಮಾಡಿದ ಧೋತರದ ಮೇಲೆಲ್ಲ ಚಹಾ ಚೆಲ್ಲಿದರು. “ಮಾಸ್ತರ, ನಿಮ್ಮ ಶಾಸ್ತ್ರ ನಿಮ್ಮ ಅರಿವಿ ಮ್ಯಾಲೆ ಮಾಡ್ಕೊಳ್ರೀಪಾ” ಎಂದು ಹೆಡ್ ಮಾಸ್ತರರು ಸಿಟ್ಟಾದರೆ, ಇವರು ನಿಜವಾಗಿಯೂ ಉಳಿದ ಚಹಾವನ್ನು ತಮ್ಮ ಪಾಯಿಜಾಮದ ಮೇಲೆ ಸುರಿದು ಇನ್ನೊಮ್ಮೆ ತೋರಿಸಿದರು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕನ್ನಡ ಕಲಿಸುವ ಅಕ್ಕೋರಾಗಿ ಕಲಘಟಗಿ ತಾಲ್ಲೂಕಿನ ಆ ಊರಿನ ಹೈಸ್ಕೂಲಿಗೆ ಹೋದೆ. ಬಮ್ಮಿಗಟ್ಟಿಯಲ್ಲಿ ಬಸ್ಸು ಇಳಿದು ಗದ್ದೆಗಳ ನಡುವಿನ ಕಚ್ಚಾ ರಸ್ತೆಯಲ್ಲಿ ನಡೆಯಬೇಕು. ನಾನು ಅಣ್ಣಿಗೇರಿಯವಳು, ಎರೆಹೊಲದ ಕಡೆ ಬೆಳೆದವಳು. ನಮ್ಮಲ್ಲಿ ನೀರೆಂದರೆ ಕೊಡದಲ್ಲಿ, ಹಂಡೆಯಲ್ಲಿ, ಮುಚ್ಚಿ ಇಟ್ಟಿರುವಂಥದ್ದು. ಈ ಊರಿನ ಬದಿಗೆ ಹಳ್ಳ ಹರಿಯುತ್ತಿತ್ತು. ಅದಕ್ಕೆ ಅಡ್ಡಲಾಗಿ ಒಂದು ಬಾಂದಾರ ಕಟ್ಟಿದ್ದರು. ಗಂಡಸಿನ ಎದೆಯ ಎತ್ತರದ ಕಲ್ಲಿನ ಒಡ್ಡು. ಮೇಲುಗಡೆ ನೀರು ನಿಂತು ಗದ್ದೆಗಳಿಗೆ ತಿರುಗುವುದು, ಮಿಕ್ಕದ್ದು ಒಡ್ಡಿನ ತಲೆಯ ಮೇಲಿಂದ ಉದ್ದಕ್ಕೂ ಗಾಜಿನ ಪರದೆಯ ಹಾಗೆ ಇಳಿದು ಹೋಗುವುದು. ಅಷ್ಟು ಚೆಂದದ ನೀರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಂದ ಹೊಸದರಲ್ಲಿ ದಿನವೂ ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ಯಾರೂ ನನ್ನ ಜತೆ ಬರುತ್ತಿರಲಿಲ್ಲ. ಯಾಕೆಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ.

ಊರಲ್ಲಿ ಅವರನ್ನು ಎಲ್ಲರೂ ಸೈನ್ಸ್ ಮಾಸ್ತರ ಎನ್ನುತ್ತಿದ್ದರು. ಅದೇ ಊರಿನ ರೈತರ ಮನೆಯವರು, ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಊರ ಹೈಸ್ಕೂಲಿಗೇ ಬಂದಿದ್ದರು. ಇನ್ನೂ ಮದುವೆ ಆಗಿರಲಿಲ್ಲ. ಅವರ ಮನೆಯ ಬಾಜೂಕಿನ ಖೋಲಿಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಉದ್ದನೆಯ ಮನುಷ್ಯ, ಸ್ವಲ್ಪ ಬಾಗಿ ನಡೆಯುವರು, ಬೇಸಿಗೆಯಲ್ಲೂ ಕೊಡೆ ಹಿಡಿಯುವರು. ಹುಡುಗರು ತಪ್ಪು ಉತ್ತರ ಹೇಳಿದರೆ ಬಯ್ಯುತ್ತಿರಲಿಲ್ಲ. “ಯಾಕ ಹಂಗ ಅನಸ್ತು?” ಎಂದು ಕೇಳಿ, ಅದನ್ನು ಕೇಳುವುದಕ್ಕಾಗಿಯೇ ಬಂದವರಂತೆ ಬೆಂಚಿನ ತುದಿಗೆ ಕೂತುಬಿಡುವರು. “ಮೊದಲು ಕಂಡದ್ದು ಹೇಳು. ತಿಳಿದದ್ದು ಆಮ್ಯಾಲೆ” ಎನ್ನುವುದು ಅವರ ಮಾತು. ಈ ಮಾತನ್ನು ನಾನೂ ಕಲಿತು, ಪದ್ಯ ಕಲಿಸುವಾಗ ಬಳಸಿದ್ದೇನೆ.

ಅವರ ಮನೆಯಲ್ಲಿ ತಂದೆ, ತಾಯಿ, ಅವರು, ಇಷ್ಟೇ ಜನ. ಕೆಲವು ದಿನಗಳಲ್ಲಿ ನನಗೆ ಒಂದು ಸಂಗತಿ ಗಮನಕ್ಕೆ ಬಂತು. ಮುದುಕಿ ನನ್ನೊಡನೆ ಮಾತಾಡುತ್ತಾಳೆ, ಮಗನೊಡನೆ ಮಾತಾಡುತ್ತಾಳೆ, ಓಣಿಯ ಹೆಂಗಸರೊಡನೆ ಕೂತು ನಗುತ್ತಾಳೆ. ಗಂಡನ ಮುಂದೆ ಮಾತ್ರ ತಾಟು ಇಟ್ಟು ಒಳಗೆ ಹೋಗಿಬಿಡುತ್ತಾಳೆ. ಆತ ಗೋಡೆಗೆ ಹೇಳಿದ ಹಾಗೆ “ಒಂದೀಟು ಸಾರು ಬೇಕಾಗಿತ್ತು” ಎನ್ನುತ್ತಾನೆ. ಸಾರು ಬರುತ್ತದೆ, ಮಾತು ಬರುವುದಿಲ್ಲ. ಆತನೂ ತುಂಬ ಮೆತ್ತಗಿನ ಮನುಷ್ಯ. ಎತ್ತುಗಳಿಗೂ “ನಡೀರಪ್ಪಾ” ಎಂದು ಗುರುತಿನವರಿಗೆ ಹೇಳಿದ ಹಾಗೆ ಹೇಳುವನು. ತಮ್ಮ ಗದ್ದೆಗೆ ಬಾಂದಾರದ ದಾರಿ ಹತ್ತಿರವಿದ್ದರೂ, ದೂರದ ಕಾಲ್ದಾರಿಯಿಂದ ಸುತ್ತಿ ಹೋಗುವನು.

“ನಿಮ್ಮ ತಂದಿಯವರು ಭಾಳ ಶಾಂತ ಸ್ವಭಾವದವರು” ಎಂದು ನಾನು ಒಂದು ದಿನ ಶಾಲೆಯ ದಾರಿಯಲ್ಲಿ ಮಾಸ್ತರರಿಗೆ ಹೇಳಿದೆ.

ಅವರು ನಿಂತುಬಿಟ್ಟರು. “ಅಪ್ಪ? ಅಕ್ಕೋರ, ಅಪ್ಪ ಗದ್ಯಾಗ ನಿಂತು ಬೈದ್ರ ಇಡೀ ಊರಿಗೆ ಕೇಳತಿತ್ತು. ಈಗಿನ ಅಪ್ಪನ್ನ ಅಷ್ಟ ನೀವು ನೋಡೀರಿ.”

ಆ ದಿನ, ಮುಂದೆಯೂ ಎಷ್ಟೋ ದಿನ ಅದೇ ದಾರಿಯಲ್ಲಿ ನಡೆಯುತ್ತ ಅವರು ಹೇಳಿದ ಕತೆ ಇದು.

ಅವರಿಗೆ ಒಬ್ಬ ಅಣ್ಣನಿದ್ದ. ಹಳ್ಳ ಕೆಂಪಗೆ ತುಂಬಿ ಬಂದಾಗ ಆಚೆ ದಂಡೆಗೆ ಸಿಕ್ಕಿಬಿದ್ದ ಎಮ್ಮೆಗಳನ್ನು ಈಜಿ ಹೋಗಿ ಹೊಡೆದುಕೊಂಡು ಬರುವಂಥ ಗಟ್ಟಿ ಆಳು. ಕುಸ್ತಿಯ ಹುಚ್ಚು. ಶ್ರಾವಣದಲ್ಲಿ ಗದ್ದೆಯ ಕೆಲಸ ತಲೆಯ ಮೇಲಿರುವಾಗ ಊರೂರು ಕುಸ್ತಿ ಕಣ ಸುತ್ತಿ ಮನೆಗೆ ಬಂದ. ಮುಂಜಾನೆ ರೊಟ್ಟಿಗೆ ಕೂತಾಗ ಅಪ್ಪ ಬಾಯಿಗೆ ಬಂದಂತೆ ಬೈದು, ಕೊನೆಗೆ “ಎಲ್ಲೆರ ಹೋಗಿ ಸಾಯಿ ಹೋಗ” ಎಂದ. ನಮ್ಮ ಕಡೆ ಈ ಮಾತನ್ನು ಯಾರು ಯಾರಿಗೆ ಅನ್ನುವುದಿಲ್ಲ? ತಾಯಂದಿರು ಹಾಲು ಕುಡಿಯದ ಕೂಸಿಗೂ ಅನ್ನುತ್ತಾರೆ. ಅಣ್ಣ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ಹೋದ. ಹಿಂದಿನ ದಿನ ದೊಡ್ಡ ಮಳೆಯಾಗಿ, ಅಂದು ಬಿಸಿಲು ಬಿದ್ದಿತ್ತು. ಹಳ್ಳದ ಮಹಾಪೂರ ಇಳಿದು ಬಾಂದಾರದ ಮೇಲೆ ಮೊಣಕಾಲ ಮಟ್ಟ ನೀರು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಹೆಣ ಕೆಳಗಿನ ಮಡುವಿನಲ್ಲಿ ಸಿಕ್ಕಿತು. ಅಂಗಿ ಧೋತರ ದಂಡೆಯ ಬಂಡೆಯ ಮೇಲೆ ಮಡಚಿಟ್ಟಂತೆ ಇದ್ದವು.

ಊರಿನವರು ತೀರ್ಮಾನ ಮಾಡಲು ಸಂಜೆಯವರೆಗೂ ಕಾಯಲಿಲ್ಲ. “ಅಂಥಾ ಈಜುಗಾರ ಎದಿಮಟ ನೀರಾಗ ಸಾಯ್ತಾನೇನು? ಅಪ್ಪ ಸಾಯಿ ಅಂದ, ಮಗ ಸತ್ತು ತೋರಿಸಿದ.” ಈ ಮಾತು ಮಣ್ಣು ಕೊಡುವ ಜಾಗದಲ್ಲೇ ಹುಟ್ಟಿ ಮನೆಯ ಅಡುಗೆಯ ಒಲೆಯವರೆಗೆ ಬಂತು. ತಾಯಿ ಅದನ್ನು ನಂಬಿದಳು. ಅಂದಿನಿಂದ ಗಂಡನೊಡನೆ ಒಂದು ಮಾತೂ ಆಡಲಿಲ್ಲ. ತಂದೆ ಅವಳಿಗಿಂತ ಮೊದಲೇ ನಂಬಿದ್ದ. ಅವನ ದನಿ ಅಂದೇ ಇಂಗಿಹೋಯಿತು.

ಮಾಸ್ತರರು ಆಗ ಧಾರವಾಡದಲ್ಲಿ ಓದುತ್ತಿದ್ದರು. “ಎಲ್ಲಾರೂ ಆ ಮಡಚಿಟ್ಟ ಅರಿವಿ ನೋಡಿ ಬೇಕಂತಲೇ ಹೋಗ್ಯಾನ ಅಂದ್ರು. ನನಗ ಉಲ್ಟಾ ಅನಸ್ತಿತ್ತು ಅಕ್ಕೋರ. ತಿರುಗಿ ಹಾಕ್ಕೊಳ್ಳಾವ ಅಲ್ಲೇನ್ರಿ ಅರಿವಿ ಮಡಚಿ ಇಡೂದು? ಆದ್ರ ಅದು ನನಗ ಅನಿಸಿದ್ದು ಅಷ್ಟ. ಅನಿಸಿದ್ದರಿಂದ ಅವ್ವನ ಬಾಯಿ ತೆರಸಾಕ ಆಗತಿದ್ದಿಲ್ಲ.”

ಅವರು ಕಾಲೇಜಿನ ಪುಸ್ತಕ ತೆಗೆದು ನೋಡಿದರು. ಒಡ್ಡಿನ ಮೇಲೆ ಹರಿಯುವ ನೀರಿನ ಪಾಠ ಅದರಲ್ಲಿತ್ತು. ಒಡ್ಡಿನ ತಲೆಯ ಮೇಲೆ ಇಷ್ಟು ಆಳದ ನೀರಿದ್ದರೆ ಇಷ್ಟು ನೀರು ಹೋಗುತ್ತದೆ ಎಂದು ಲೆಕ್ಕ ಹಾಕುವ ಸೂತ್ರವಿತ್ತು. ಆ ಪಾಠವನ್ನು ಅವರು ಮುಂದೆ ನಮ್ಮ ಶಾಲೆಯ ಹುಡುಗರಿಗೂ ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ ನನಗೆ ಇಂದಿಗೂ ನೆನಪಿದೆ. ಗೋಡೆಯ ಮೇಲೆ ಒಂದು ಗೇಣು ಇದ್ದ ನೀರು ಎರಡು ಗೇಣಾದರೆ, ಹೋಗುವ ನೀರು ಎರಡು ಪಟ್ಟು ಆಗುವುದಿಲ್ಲ, ಹತ್ತಿರಹತ್ತಿರ ಮೂರು ಪಟ್ಟಾಗುತ್ತದೆ. ಯಾಕೆಂದರೆ ಆಳ ಹೆಚ್ಚಿದಂತೆ ನೀರಿನ ಓಟವೂ ಹೆಚ್ಚುತ್ತದೆ. “ಅದಕ್ಕ ಹಳ್ಳ ಒಂದೀಟ ಏರೈತಿ ಅಂತ ಅನ್ನಬ್ಯಾಡ್ರಿ. ಒಂದೀಟ ಏರಿದ್ದು ಒಂದೀಟ ಇರೂದಿಲ್ಲ” ಎನ್ನುವರು. ಆದರೆ ಪುಸ್ತಕ ಒಡ್ಡಿನ ತಲೆಯವರೆಗೆ ಬಂದು ನಿಂತುಬಿಟ್ಟಿತ್ತು. ನೀರು ಎಷ್ಟು ಹೋಯಿತೆಂದು ಹೇಳಿತ್ತು, ಬಿದ್ದ ಮೇಲೆ ಏನು ಮಾಡಿತೆಂದು ಹೇಳಿರಲಿಲ್ಲ.

ಆಗ ಅವರು ಕಂಡವರನ್ನು ಕೇಳಲು ಹೊರಟರು. ಅಂದು ಹಳ್ಳದ ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಮನೆಯ ಮುದುಕಿ ಒಬ್ಬಳೇ ಅಣ್ಣನನ್ನು ನೀರಿನಲ್ಲಿ ನೋಡಿದ್ದಳು. “ಕೈ ಎತ್ತಿ ಗಂಗವ್ವಗ ಮುಗಿದು ಹೋದ” ಎಂದು ಅವಳು ಹೇಳಿದ್ದೇ ಊರಿನ ತೀರ್ಮಾನಕ್ಕೆ ಮುದ್ರೆ ಒತ್ತಿತ್ತು. ಮಾಸ್ತರರು ಅವಳ ಕಟ್ಟೆಗೆ ಹೋಗಿ ಕೂತರು.

“ಅಜ್ಜಿ, ಮುಗಿದ ಅನ್ನೂದು ಬ್ಯಾಡ. ನಿನಗ ಏನು ಕಾಣಸ್ತು ಅದನ್ನ ಹೇಳು.”

“ಬುರುಗಿನಾಗ ನಿಂತಿದ್ನೆಪಾ. ಎದಿಮಟ. ಕೈ ಎತ್ತಿದ. ಮುಣಗಿದ. ಮತ್ತ ಎದ್ದ.”

“ಎಲ್ಲಿ ಎದ್ದ?”

“ಅಲ್ಲೇ. ಗ್ವಾಡಿ ಮಗ್ಗಲದಾಗ.”

“ನೀರು ಅವನ್ನ ಕೆಳಗ ತರಲಿಲ್ಲೇನು?”

“ಇಲ್ಲೆಪಾ. ಎಷ್ಟ ಸಲ ಮುಣಗಿದ್ರೂ ಅಲ್ಲೇ ಏಳತಿದ್ದ. ಆಟ ಆಡಾಕತ್ತಾನ ಅಂತ ತಿಳದು ನಾ ಅರಿವಿ ಹಿಂಡಾಕತ್ತಿದ್ನಿ. ತಿರುಗಿ ನೋಡೂದ್ರಾಗ ಇದ್ದಿಲ್ಲ.”

ಇಷ್ಟು ಹೇಳಿ ಮುದುಕಿ ಅತ್ತಳಂತೆ. ಮಾಸ್ತರರು ಅಲ್ಲಿಂದ ಎದ್ದು ನೇರ ಹಳ್ಳಕ್ಕೆ ಹೋದರು. ಅಷ್ಟು ಜೋರಾಗಿ ಇಳಿಯುವ ನೀರಿನಲ್ಲಿ ಬಿದ್ದವನು ಮುಂದಕ್ಕೆ ತೇಲಿ ಹೋಗಬೇಕು. ಬಿದ್ದ ಜಾಗದಲ್ಲೇ ಏಳುವುದು ಹೇಗೆ? ಸಾಯಬೇಕೆಂದು ಬಂದವನು ಮತ್ತೆ ಮತ್ತೆ ಏಳುವುದು ಯಾಕೆ?

ಇದಕ್ಕೆ ಉತ್ತರ ಸಿಗಲು ವರ್ಷಗಳು ಹಿಡಿದವು. ನಾನು ಆ ಊರಿಗೆ ಬಂದಾಗ ಅವರು ಮಳೆಗಾಲ ಪೂರ್ತಿ ಹಳ್ಳದ ದಂಡೆಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದರು. ಟೊಂಗೆ, ತೆಂಗಿನ ಚಿಪ್ಪು, ಕಿತ್ತ ಬಾಳೆಯ ದಿಂಡು, ಏನು ಸಿಕ್ಕರೆ ಅದನ್ನು ಮೇಲುಗಡೆ ಎಸೆದು ನೋಡುವರು. ಊರಿನವರು ತಲೆ ಕೆಟ್ಟಿತೆಂದು ಆಡಿಕೊಂಡರು. ನೀರು ಕಡಿಮೆ ಇದ್ದಾಗ ಎಸೆದದ್ದು ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಮಹಾಪೂರ ಬಂದಾಗ ಬಾಂದಾರವೇ ಮುಳುಗಿ, ಎಸೆದದ್ದು ಬಾಣದಂತೆ ಮುಂದೆ ಹೋಗುತ್ತಿತ್ತು. ಇವೆರಡರ ನಡುವೆ, ಪೂರ ಇಳಿದು ಜನ ಧೈರ್ಯವಾಗಿ ನೀರಿಗೆ ಇಳಿಯುವ ದಿನಗಳಲ್ಲಿ ಮಾತ್ರ, ಎಸೆದದ್ದು ಮುಂದೆ ಹೋಗುತ್ತಿರಲಿಲ್ಲ.

ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದ ಅವರ ಹಳೆಯ ಗೆಳೆಯನೊಬ್ಬ ಒಂದು ರವಿವಾರ ಅವರನ್ನು ತನ್ನ ಪ್ರಯೋಗಶಾಲೆಗೆ ಕರೆದುಕೊಂಡು ಹೋದ. ಅಲ್ಲಿ ಎರಡೂ ಬದಿ ಗಾಜಿನ ಗೋಡೆಯಿದ್ದ ಒಂದು ಉದ್ದ ಕಾಲುವೆ. ನಡುವೆ ಕಟ್ಟಿಗೆಯ ಸಣ್ಣ ಒಡ್ಡು. ಹೊರಗೆ ನಿಂತು ನೀರಿನ ಹೊಟ್ಟೆಯೊಳಗೆ ಆಗುವುದನ್ನೆಲ್ಲ ನೋಡಬಹುದು. ಮರುದಿನ ಶಾಲೆಗೆ ಹೋಗುವಾಗ ಅವರು ನನಗೆ ಹೇಳಿದರು:

“ಕಟಗಿ ಹುಡಿ ಹಾಕಿ ನೀರು ಬಿಟ್ರು ಅಕ್ಕೋರ. ಒಡ್ಡಿನ ಮ್ಯಾಲಿಂದ ನೀರು ಬಿತ್ತು, ಸೀದಾ ತಳಕ್ಕ ಹೋತು, ತಳಾ ಹಿಡಕೊಂಡು ಮುಂದ ಹೋತು. ಅದರ ಮ್ಯಾಲಿನ ನೀರು ಐತೆಲ್ಲ, ಅದು ಹಿಂದ ಬರ್ತೈತ್ರಿ. ಗ್ವಾಡಿ ಕಡೆ. ಬಂದು ಬೀಳೂ ನೀರಿನ ಕೆಳಗ ಹೋಗ್ತೈತಿ, ಮುಣಗ್ತೈತಿ, ಒಂದೀಟ ಮುಂದ ಏಳ್ತೈತಿ, ಮತ್ತ ಹಿಂದ ಬರ್ತೈತಿ. ಗಾಣದ ಎತ್ತು ತಿರುಗಿದ್ಹಂಗ. ಆ ಹುಡಿ ತಿರಗತಾನ ಇತ್ತು. ಅಲ್ಲೇ ಮುಣಗೂದು, ಅಲ್ಲೇ ಏಳೂದು.”

ಅದನ್ನು ನೋಡುತ್ತ ಅವರು ಪ್ರಯೋಗಶಾಲೆಯ ನೆಲದ ಮೇಲೆ ಕೂತುಬಿಟ್ಟರಂತೆ. ಗೆಳೆಯ ಗಾಬರಿಯಾಗಿ ನೀರು ತಂದುಕೊಟ್ಟನಂತೆ.

“ಹೊರಗ ಬರೂ ದಾರಿ ಇಲ್ಲೇನು?” ಎಂದು ನಾನು ಕೇಳಿದೆ.

“ಐತ್ರಿ. ತಳದಾಗ. ಉಸಿರು ಹಿಡದು ಕೆಳಗ ಇಳದು, ತಳದ ನೀರಿನ ಕೂಡ ಮುಂದ ಹೋದ್ರ ಪಾರಾದಾನು. ಆದ್ರ ಯಾವ ಈಜುಗಾರ ಕೆಳಗ ಹೋಗ್ತಾನ್ರಿ? ಈಜು ಬರೂದು ಅಂದ್ರ ಮ್ಯಾಲೆ ಏಳಾಕ ಬರೂದು. ಅಣ್ಣ ಎಷ್ಟು ಛಲೋ ಈಜತಿದ್ನೋ ಅಷ್ಟು ಸಲ ಎದ್ದಾನ. ಎದ್ದಷ್ಟು ಸಲ ಗ್ವಾಡಿಗೆ ಹೋಗ್ಯಾನ.”

ಅವರಿಗೆ ಸ್ವತಃ ಈಜು ಬರುತ್ತಿರಲಿಲ್ಲ. ಹುಡುಗರು ಒಮ್ಮೆ ತರಗತಿಯಲ್ಲಿ ಕೇಳಿದಾಗ “ಇಲ್ಲಪಾ, ನಮ್ಮಣ್ಣ ಕಲಸ್ತೇನಿ ಅಂದಿದ್ದ” ಎಂದು ಹೇಳಿ ಕಪ್ಪು ಹಲಗೆಯ ಕಡೆ ತಿರುಗಿಬಿಟ್ಟರು. ಅವರು ಬಹಳ ಹೊತ್ತು ತಿರುಗಲೇ ಇಲ್ಲವೆಂದು ಹುಡುಗರು ಬಂದು ನನಗೆ ಹೇಳಿದ್ದರು.

ಹುಬ್ಬಳ್ಳಿಯಿಂದ ಬಂದ ಮೇಲೆ ಅವರು ಮನೆಯಲ್ಲಿ ಏನೂ ಹೇಳಲಿಲ್ಲ. ಬೇಸಿಗೆ ಕಳೆಯಿತು, ಮಳೆ ಹಿಡಿಯಿತು. ಯಾಕೆ ಹೇಳಿಲ್ಲವೆಂದು ಕೇಳಿದರೆ “ನೋಡೂಣು” ಎನ್ನುವರು. ಆಗ ನನಗೆ ಅದು ಅರ್ಥವಾಗಲಿಲ್ಲ. ಇಷ್ಟು ವರ್ಷ ಹುಡುಕಿದ್ದು ಕೈಗೆ ಸಿಕ್ಕ ಮೇಲೆ ತಡವೇಕೆ? ಅವರು ಮಾತ್ರ ಅದರ ಇನ್ನೊಂದು ಮುಖವನ್ನು ಆಗಲೇ ಕಂಡಿದ್ದರು ಎಂದು ಈಗ ಅನಿಸುತ್ತದೆ.

ಕೊನೆಗೆ ಒಂದು ಮುಂಜಾನೆ, ದೊಡ್ಡ ಮಳೆ ನಿಂತ ಮರುದಿನ, ಅಟ್ಟದ ಮೇಲಿಂದ ಎರಡು ಒಣ ಸೋರೆಬುರುಡೆ ಇಳಿಸಿಕೊಂಡು ಅಂಗಳಕ್ಕೆ ಬಂದರು. “ಯಪ್ಪಾ, ಹಳ್ಳಕ್ಕ ಹೋಗೂಣು ಬಾ” ಎಂದರು. ಮುದುಕ ಮಗನ ಮುಖ ನೋಡಿದ. ದೊಡ್ಡ ಮಗ ಸತ್ತ ಮೇಲೆ ಆತ ಆ ಜಾಗಕ್ಕೆ ಕಾಲಿಟ್ಟಿರಲಿಲ್ಲ.

“ಯಾಕೋ ತಮ್ಮಾ?”

“ಒಂದು ತೋರಸೂದೈತಿ. ಅವ್ವಾ, ನೀನೂ ಬಾ.”

“ನಾ ಬರೂದಿಲ್ಲ” ಎಂದು ತಾಯಿ ಒಳಗಿನಿಂದಲೇ ಹೇಳಿದಳು. ಮಾಸ್ತರರು ನನ್ನನ್ನೂ ಕರೆದರು; ನಾವು ಮೂವರು ಗದ್ದೆಯ ಬದುವಿನ ಮೇಲೆ ಹೊರಟೆವು. ತಿರುಗಿ ನೋಡಿದರೆ ಸೆರಗು ಹೊದ್ದುಕೊಂಡು ಅವಳೂ ಹಿಂದೆ ಬರುತ್ತಿದ್ದಳು.

ಬಾಂದಾರದ ಮೇಲೆ ಮೊಣಕಾಲ ಮಟ್ಟ ನೀರಿತ್ತು. ಮೇಲುಗಡೆ ಮಲಗಿದಂತೆ ಶಾಂತವಾದ ನೀರು, ಒಡ್ಡಿನ ಹತ್ತಿರ ಬರುತ್ತ ಸ್ವಲ್ಪ ತಗ್ಗಿ, ನಯವಾಗಿ ಬಾಗಿ ಇಳಿಯುತ್ತಿತ್ತು. ಕೆಳಗೆ ಬಿಳಿಯ ಬುರುಗು. ನೋಡುವವರಿಗೆ ಭಯ ಹುಟ್ಟಿಸುವಂಥದ್ದೇನೂ ಇರಲಿಲ್ಲ. ಮಾಸ್ತರರು ದಂಡೆಯ ಮೇಲೆ ದೂರ ನಿಂತು ಒಂದು ಬುರುಡೆಯನ್ನು ಮೇಲುಗಡೆ ಎಸೆದರು. ಅದು ತೇಲುತ್ತ ಬಂತು, ಒಡ್ಡು ದಾಟಿತು, ಬುರುಗಿನಲ್ಲಿ ಮುಳುಗಿತು, ಎದ್ದಿತು. ಎದ್ದು ಮುಂದೆ ಬರುವ ಬದಲು ಗೋಡೆಯ ಕಡೆ ಹೋಯಿತು. ಬೀಳುವ ನೀರು ಅದರ ತಲೆಯ ಮೇಲೆ ಬಡಿಯಿತು. ಮತ್ತೆ ಮುಳುಗಿತು, ಮತ್ತೆ ಎದ್ದಿತು, ಮತ್ತೆ ಹೋಯಿತು. ನಾವು ನೋಡುತ್ತಲೇ ನಿಂತೆವು. ಅದು ಅಲ್ಲೇ ತಿರುಗುತ್ತಿತ್ತು.

ಇನ್ನೊಂದು ಬುರುಡೆಯಲ್ಲಿ ಅವರು, ಅದು ತೇಲಿಯೂ ತೇಲದ ಹಾಗೆ, ಅಳತೆ ಮಾಡಿ ಉಸುಕು ತುಂಬಿ ತೂತು ಮುಚ್ಚಿದ್ದರು. ಅದನ್ನು ಎಸೆದರು. ಅದು ಒಡ್ಡು ದಾಟಿ ಮುಳುಗಿದ್ದು ಕಾಣಲೇ ಇಲ್ಲ. ಆಮೇಲೆ ಎಷ್ಟೋ ಕೆಳಗೆ, ಹಳ್ಳ ತಿರುಗುವಲ್ಲಿ, ಒಮ್ಮೆ ತಲೆ ತೋರಿಸಿ ಹೋಯಿತು.

“ಯಪ್ಪಾ, ಮುಣಗಿದ್ದು ಪಾರಾತು. ತೇಲೂದು ಸಿಕ್ಕೊಂತು. ಅಣ್ಣ ಈಜಾಂವ ಇದ್ದ, ಅದಕ್ಕ ಸಿಕ್ಕೊಂಡ. ಜಳಕಕ್ಕ ಇಳಿದಿದ್ದ ಅಷ್ಟ. ನಿನ್ನ ಮಾತಿಗೆ ಸಾಯಲಿಲ್ಲ ಅಂವ. ಮಡಿವಾಳರ ಅಜ್ಜಿ ಕಂಡಾಳ, ಮತ್ತ ಮತ್ತ ಎದ್ದಾನ. ಸಾಯಾಕ ಬಂದಾಂವ ಏಳ್ತಾನೇನು?”

ಮುದುಕ ತಿರುಗುವ ಬುರುಡೆಯನ್ನೇ ನೋಡುತ್ತಿದ್ದ. ಆ ಮುಖದಿಂದ ಒಂದು ಭಾರ ಇಳಿಯುವುದನ್ನು ನೋಡಲು ನಾನು ಕಾಯುತ್ತಿದ್ದೆ. ಆತ ನಿಧಾನವಾಗಿ ಹೇಳಿದ.

“ಹಂಗಾರ ಅವಗ ಬದುಕಬೇಕಂತ ಇತ್ತು.”

“ಹೌದು ಯಪ್ಪಾ.”

“ಒದ್ದಾಡ್ಯಾನ.”

ಮಾಸ್ತರರು ತಿರುಗುವ ಬುರುಡೆಯಿಂದ ಕಣ್ಣು ತೆಗೆದರು.

“ನಾ ಗದ್ಯಾಗ ಇದ್ನಿ. ಅದ ನೋಡು, ಆ ಬದುವಿನ ಆಚಿ ಕಡೆ. ಕೂಗಿದ್ರ ಕೇಳತಿತ್ತು.”

“ಈ ಸಪ್ಪಳದಾಗ ಕೇಳತಿದ್ದಿಲ್ಲ ಯಪ್ಪಾ.”

“ಕೂಗ್ಯಾನ ಹಂಗಾರ” ಎಂದು ಮುದುಕ ಕುಸಿದು ಕೂತ. ಇಷ್ಟು ವರ್ಷ ಒಳಗೇ ಇದ್ದ ಆ ದೊಡ್ಡ ದನಿ ಆಗ ಹೊರಬಂತು. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು ನಿಂತು ನೋಡಿದರು. ಮಾಸ್ತರರು ಕೈ ಹಿಡಿಯಲು ಹೋದರೆ ಆತ ಬಿಡಿಸಿಕೊಂಡ. ಆಗ ಹಿಂದೆ ನಿಂತಿದ್ದ ಮುದುಕಿ ಮುಂದೆ ಬಂದಳು. ಗಂಡನ ಮಗ್ಗುಲಲ್ಲಿ ನಿಂತು, ಅವನ ಕಡೆ ನೋಡದೆ ನೀರನ್ನು ನೋಡುತ್ತ ಹೇಳಿದಳು.

“ಏಳ್ರಿ. ಮನಿಗೆ ನಡೀರಿ.”

ಮುದುಕ ತಟ್ಟನೆ ಅಳು ನಿಲ್ಲಿಸಿ, ಗುರುತಿಲ್ಲದವರು ಕರೆದ ಹಾಗೆ ಅವಳ ಮುಖ ನೋಡಿದ. “ನನಗ ಅಂದ್ಯೇನು?” ಎಂದು ಕೇಳಿದ.

“ಮತ್ಯಾರಿಗೆ ಅನ್ಲಿ? ಏಳ್ರಿ, ನೆಲ ಹಸಿ ಐತಿ.”

ಅಂದಿನಿಂದ ಆ ಮನೆಯಲ್ಲಿ ಮಾತು ಶುರುವಾಯಿತು. ಉಪ್ಪು ಮುಗಿದಿದೆ, ಕಟ್ಟಿಗೆ ಹಸಿಯಾಗಿದೆ, ಎಮ್ಮೆ ಒದೆಯುತ್ತದೆ, ಇಂಥ ಮಾತುಗಳು. ನನ್ನ ಖೋಲಿಯ ಗೋಡೆಯಾಚೆಯಿಂದ ಅವು ಕೇಳಿದಾಗಲೆಲ್ಲ ನನಗೆ ಹಿತವೆನಿಸುತ್ತಿತ್ತು. ಮಾಸ್ತರರ ಮುಖದಲ್ಲಿ ಮಾತ್ರ ಗೆಲುವು ಕಾಣಲಿಲ್ಲ. ತಂದೆ ಕಟ್ಟೆಯ ಮೇಲೆ ಕೂತು ಅವರು ಶಾಲೆಯಿಂದ ಬರುವುದನ್ನೇ ಕಾಯುವನು. ಬಂದ ಕೂಡಲೆ ಒಂದೇ ಪ್ರಶ್ನೆ.

“ಎಷ್ಟೊತ್ತು ತಿರಗಿರಬೇಕೋ ತಮ್ಮಾ?”

“ಭಾಳ ಹೊತ್ತಿಲ್ಲ ಯಪ್ಪಾ. ತಲಿಗೆ ಕಲ್ಲು ಬಡದಿರತೈತಿ. ಎಚ್ಚರ ತಪ್ಪಿರತೈತಿ. ಒಂದು ಗಳಿಗಿ ಅಷ್ಟ.”

ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮಡಿವಾಳರ ಅಜ್ಜಿಯ ಮಾತಿನಿಂದ ಅದು ಹಾಗಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಕಂಡದ್ದನ್ನೇ ಹೇಳಬೇಕು ಎಂದು ಎಷ್ಟೋ ಮಕ್ಕಳಿಗೆ ಕಲಿಸಿದವರು ತಾವು ಕಾಣದ ಕಲ್ಲೊಂದನ್ನು ಹುಟ್ಟಿಸಿ, ದಿನವೂ ಅಪ್ಪನ ಎದುರು ಇಡುತ್ತಿದ್ದರು.

“ಒಂದು ವಜ್ಜಿ ಇಳಿಸಿ ಇನ್ನೊಂದು ಹೊರಿಸಿದ್ನಿ ಅಕ್ಕೋರ” ಎಂದರು ಒಂದು ದಿನ. “ಮೊದಲು ಮಗ ಸಿಟ್ಟೀಲೆ ಹ್ವಾದ ಅಂತ ಇದ್ದ. ಈಗ ಕರದ್ರೂ ನಾ ಹೋಗಲಿಲ್ಲ ಅಂತ ಕುಂತಾನ. ಯಾವುದು ಹಗರ ಹೇಳ್ರಿ?”

“ನಿಮ್ಮ ಅವ್ವಾರು ಮಾತಾಡಿದ್ರಲ್ರಿ” ಎಂದೆ.

“ಹೌದ್ರಿ. ಅದೊಂದು ಆತು.”

ಮುಂದಿನ ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಒಂದು ಮುಂಜಾನೆ ಮುದುಕ ಕಟ್ಟೆಯ ಮೇಲೆ ಇರಲಿಲ್ಲ. ಎತ್ತಿನ ಚಕ್ಕಡಿಯೂ ಇರಲಿಲ್ಲ. ಹೋಗಿ ನೋಡಿದರೆ ದಿಬ್ಬದ ಬುಡದಿಂದ ದೊಡ್ಡ ದೊಡ್ಡ ಕಲ್ಲುಗಳನ್ನು ಹೇರಿಕೊಂಡು ಬಂದು ಬಾಂದಾರದ ಕೆಳಗೆ ಉರುಳಿಸುತ್ತಿದ್ದ. ಹಿಂದಿನ ವಾರ ಮಗನನ್ನು ಆತ ಬೇರೆ ಒಂದು ಪ್ರಶ್ನೆ ಕೇಳಿದ್ದನಂತೆ: ಆ ತಿರುಗುವ ನೀರನ್ನು ಮುರಿಯಲು ಬರುತ್ತದೆಯೇ? ಬರುತ್ತದೆ, ನೀರು ಬೀಳುವ ಜಾಗದಲ್ಲಿ ಕಲ್ಲು ತುಂಬಿ ಇಳಿಜಾರು ಮಾಡಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮುಂದೆ ಹೋಗುತ್ತದೆ, ಹಿಂದೆ ತಿರುಗಲು ಜಾಗವಿರುವುದಿಲ್ಲ ಎಂದು ಮಾಸ್ತರರು ಹೇಳಿದ್ದರು.

ಮೊದಲ ದಿನಗಳಲ್ಲಿ ಮುದುಕ ಒಬ್ಬನೇ. ಆಮೇಲೆ ಮಾಸ್ತರರು ಶಾಲೆ ಮುಗಿಸಿ ಕೈ ಹಚ್ಚಿದರು. ಕಲ್ಲನ್ನು ಹೇಗೆ ಬೇಕಾದರೂ ಒಗೆಯುವಂತಿಲ್ಲ. ದೊಡ್ಡವು ಬುಡಕ್ಕೆ, ಒಂದರ ಸಂದಿಗೆ ಒಂದು ಕೂಡುವಂತೆ, ಪೂರ ಬಂದರೂ ಅಲುಗದಂತೆ. ನೀರಾವರಿ ಇಲಾಖೆಯ ಮೇಸ್ತ್ರಿ ಬಂದು ನೋಡಿ “ಬಾಂದಾರಕ್ಕ ಏನೂ ಧಕ್ಕಿ ಇಲ್ಲ, ಹಾಕ್ಕೊಳ್ರಿ” ಎಂದು ಹೋದ. ಊರಿನ ಬೇರೆ ಚಕ್ಕಡಿಗಳೂ ಒಂದೊಂದಾಗಿ ಬಂದವು; ಅಪ್ಪನ ಮಾತಿಗೆ ಮಗ ಸತ್ತನೆಂದು ಮೊದಲು ಆಡಿದವರೂ ಅವುಗಳ ಜತೆ ಬಂದಿರಬೇಕು. ಯಾರೂ ಹಳೆಯ ಮಾತು ಎತ್ತಲಿಲ್ಲ. ಮುದುಕಿ ಮಜ್ಜಿಗೆಯ ಗಡಿಗೆ ಹೊತ್ತು ತಂದು ಎಲ್ಲರಿಗೂ ಕೊಟ್ಟು, ಕೊನೆಗೆ ಗಂಡನಿಗೆ ಕೊಡುತ್ತ “ಬಿಸಲಾಗ ಸಾಕ್ರಿ ಇನ್ನ” ಎನ್ನುವಳು. ಆತ ಕೇಳುತ್ತಿರಲಿಲ್ಲ.

ಮಳೆ ಬಂತು. ಪೂರ ಬಂದು ಇಳಿಯಿತು. ಮೊಣಕಾಲ ಮಟ್ಟದ ನೀರು ಬಾಂದಾರದ ಮೇಲೆ ಹೋಗುವ ದಿನ ಊರಿನ ಅರ್ಧ ಜನ ಹಳ್ಳದ ದಂಡೆಯಲ್ಲಿ ಸೇರಿದ್ದರು. ನೀರು ಒಡ್ಡಿನಿಂದ ಇಳಿದು ಕಲ್ಲುಗಳ ಮೇಲೆ ಬಿದ್ದು ಚೂರುಚೂರಾಗಿ ಒಡೆಯಿತು. ಸಪ್ಪಳ ಬೇರೆಯಾಗಿತ್ತು. ಬುರುಗು ಗೋಡೆಯ ಕಡೆ ಮುಖ ಮಾಡಲಿಲ್ಲ; ಕಲ್ಲಿನ ಸಂದಿಗಳಲ್ಲಿ ಹರಿದು ನೇರ ಮುಂದೆ ಹೋಯಿತು. ಯಾರೋ ಒಂದು ದೊಡ್ಡ ಟೊಂಗೆ ಎಸೆದರು. ಅದು ಕಲ್ಲಿಗೆ ತಾಕಿ, ಉರುಳಿ, ಮುಂದೆ ಹೋಗಿಯೇಬಿಟ್ಟಿತು. ಜನ ಹೋ ಎಂದು ಕೂಗಿದರು. ಮಾಸ್ತರರ ಮುಖದಲ್ಲಿ, ನಾನು ಆ ಊರಿಗೆ ಬಂದ ಮೇಲೆ ಮೊದಲ ಸಲ, ಪೂರ್ತಿ ನಗು ಕಂಡಿತು. ಕೊಡೆ ಮಡಚಿ ಮಳೆಯಲ್ಲೇ ನಿಂತಿದ್ದರು.

ಮುದುಕ ನಗಲಿಲ್ಲ. ಮುಂದೆ ಹೋಗುವ ನೀರನ್ನು ನೋಡಿದ, ಕಲ್ಲುಗಳನ್ನು ನೋಡಿದ. ಆಮೇಲೆ ಮಗನ ಕಡೆ ತಿರುಗಿ, ತೀರ ಮೆಲ್ಲನೆಯ ದನಿಯಲ್ಲಿ ಕೇಳಿದ.

“ಅಂವ ಉಳಿಯಾಕ ಇಷ್ಟ ಸಾಕಾಗತಿತ್ತೇನೋ ತಮ್ಮಾ?”

ಮಾಸ್ತರರ ನಗು ಅಲ್ಲೇ ನಿಂತಿತು. ಮಡಚಿದ್ದ ಕೊಡೆಯನ್ನು ಬಿಚ್ಚಿ ಅಪ್ಪನ ತಲೆಯ ಮೇಲೆ ಹಿಡಿದರು. ಜನರ ಗದ್ದಲದಲ್ಲಿ, ಪಕ್ಕದಲ್ಲಿದ್ದ ನನ್ನನ್ನು ಬಿಟ್ಟು ಬೇರೆ ಯಾರಿಗೂ ಆ ಮಾತು ಕೇಳಿಸಲಿಲ್ಲ.

ಮರುವರ್ಷದ ಚಳಿಯಲ್ಲಿ ಮುದುಕ ತೀರಿಕೊಂಡ. ನನಗೆ ಕುಂದಗೋಳದ ಕಡೆ, ಕುಬಿಹಾಳಕ್ಕೆ ವರ್ಗವಾಯಿತು. ಮಾಸ್ತರರು ಮದುವೆಯಾದರು, ಅದೇ ಶಾಲೆಯಲ್ಲಿ ಕಲಿಸಿ ನಿವೃತ್ತರಾದರು. ಆ ಬಾಂದಾರದಲ್ಲಿ ಆಮೇಲೆ ಯಾರಾದರೂ ಸತ್ತ ಸುದ್ದಿ ನಾನು ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹುಬ್ಬಳ್ಳಿಯ ಒಂದು ಲಗ್ನದಲ್ಲಿ ನಾವು ಎದುರುಬದುರಾದೆವು. ಇಬ್ಬರಿಗೂ ತಲೆ ನೆರೆತಿತ್ತು. ಊಟದ ಪಂಕ್ತಿ ಆಗುವವರೆಗೆ ಮಂಟಪದ ಮೂಲೆಯ ಕುರ್ಚಿಗಳಲ್ಲಿ ಕೂತು ಮಕ್ಕಳ ಮಾತು, ಮಂಡಿನೋವಿನ ಮಾತು ಆಡಿದೆವು. ಆಮೇಲೆ ಅವರು, ಯಾವ ಸಂಬಂಧವೂ ಇಲ್ಲದೆ, ನನ್ನ ಕಡೆ ನೋಡದೆ ಹೇಳಿದರು.

“ಆವತ್ತ ಹಳ್ಳದ ದಂಡ್ಯಾಗ ಅಪ್ಪ ಇಷ್ಟ ಸಾಕಾಗತಿತ್ತೇನು ಅಂತ ಕೇಳಿದ್ದು ನಿಮಗೂ ಕೇಳಿಸಿತ್ತಲ್ರಿ ಅಕ್ಕೋರ. ಎಷ್ಟೊತ್ತು ಅಂತ ಕೇಳಿದಾಗ ಸುಳ್ಳು ಹೇಳಾಕ ಬಂತು. ಇದಕ್ಕ ಖರೇನೂ ಹೇಳಾಕ ಬರಲಿಲ್ಲ, ಸುಳ್ಳೂ ಹೇಳಾಕ ಬರಲಿಲ್ಲ. ಹೌದು ಅನ್ನೂದು ಒಂದ ಮಾತು. ಅಪ್ಪ ಸಾಯೂ ತನಕಾ ಅನ್ನಲಿಲ್ಲ. ಅಪ್ಪಗ ಗೊತ್ತಿತ್ತು. ಅಪ್ಪಗ ಗೊತ್ತೈತಿ ಅಂತ ನನಗೂ ಗೊತ್ತಿತ್ತು. ಅದನ್ನ ನಡುವ ಇಟ್ಕೊಂಡು ದಿನಾ ಎದುರಬದರ ಕುಂತು ಉಂಡ್ವಿ.”